ನಗು ಕೇಳಿಸದ ಜಾಗದಲ್ಲಿ ನಗಿಸುವುದು: ಸ್ಟೀವ್ ಮಾರ್ಟಿನ್ ಪ್ರಕರಣ

1981ರಲ್ಲಿ ಅಮೆರಿಕದ ಹಾಸ್ಯಗಾರ ಸ್ಟೀವ್ ಮಾರ್ಟಿನ್ ಸ್ಟ್ಯಾಂಡ್-ಅಪ್, ಎಂದರೆ ವೇದಿಕೆಯಲ್ಲಿ ಒಂಟಿಯಾಗಿ ನಿಂತು ನಗಿಸುವ ಕೆಲಸ, ಬಿಟ್ಟರು. ಬೇಡಿಕೆ ಕುಸಿದು ಬಿಟ್ಟದ್ದಲ್ಲ. ಅಮೆರಿಕದ ಹೆಚ್ಚಿನ ಹಾಸ್ಯಗಾರರು ಇನ್ನೂರು ಮುನ್ನೂರು ಕುರ್ಚಿಗಳ ಕ್ಲಬ್ಬುಗಳಲ್ಲಿ ನಿಲ್ಲುತ್ತಿದ್ದ ಕಾಲದಲ್ಲಿ ಅವರು ಬಾಸ್ಕೆಟ್‌ಬಾಲ್ ಆಡುವ ಒಳಾಂಗಣ ಕ್ರೀಡಾಂಗಣಗಳನ್ನು ತುಂಬಿಸುತ್ತಿದ್ದರು. ಎರಡು ಹಾಸ್ಯ ಆಲ್ಬಂಗಳಿಗೆ ಗ್ರ್ಯಾಮಿ ಬಂದಿತ್ತು. ನಾಯಕನಾಗಿ ನಟಿಸಿದ ಮೊದಲ ಚಿತ್ರ ಹಾಕಿದ ದುಡ್ಡಿನ ಹತ್ತು ಪಟ್ಟಿಗಿಂತ ಹೆಚ್ಚು ತಂದಿತ್ತು.

ಹಾಸ್ಯಗಾರ ನಟನಾದ ಕಥೆಗಳನ್ನು ಸಾಮಾನ್ಯವಾಗಿ ಬಡ್ತಿಯ ಕಥೆಗಳಂತೆ ಹೇಳುತ್ತಾರೆ: ವೇದಿಕೆಯಲ್ಲಿ ಹೆಸರು ಮಾಡಿದ, ಸಿನಿಮಾ ಕರೆಯಿತು, ಹೋದ. ಈ ಪ್ರಕರಣಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಹದಿನಾಲ್ಕು ವರ್ಷ ಕೂತು ಕಟ್ಟಿದ ಹಾಸ್ಯದ ವಿಧಾನವೊಂದು ದೊಡ್ಡ ಸಭಾಂಗಣಗಳಲ್ಲಿ ಕೆಟ್ಟುಹೋಯಿತು. ಸಿನಿಮಾಕ್ಕೆ ಹೋದಾಗ ಆ ವಿಧಾನ ಯಾವುದರ ಮೇಲೆ ನಿಂತಿತ್ತೋ ಅದೇ, ಎಂದರೆ ಎದುರಿಗೆ ಕೂತವರ ನಗು, ಕಿವಿಗೆ ಬೀಳದಾಯಿತು. ಅದಿಲ್ಲದೆ ಕೆಲಸ ಮಾಡುವುದನ್ನು ಕಲಿಯಲು 1979ರಿಂದ 1987ರವರೆಗೆ ಎಂಟು ವರ್ಷ ಹಿಡಿಯಿತು. ನಡುವೆ ಒಂದರ ಹಿಂದೊಂದು ಚಿತ್ರ ನೆಲಕಚ್ಚಿದವು. ಯಾವ ಹಂತದಲ್ಲಿ ಏನು ಕೆಟ್ಟಿತು, ಯಾವುದು ಹೇಗೆ ಸರಿಹೋಯಿತು ಎನ್ನುವುದಷ್ಟೇ ಇಲ್ಲಿನ ವಿಷಯ.

ಡಿಸ್ನಿಲ್ಯಾಂಡ್‌ನ ಅಂಗಡಿಯಿಂದ ಬರಹಗಾರರ ಕೋಣೆಗೆ

ಮಾರ್ಟಿನ್ ಹುಟ್ಟಿದ್ದು 1945ರ ಆಗಸ್ಟ್ 14ರಂದು, ಟೆಕ್ಸಾಸ್‌ನ ವೇಕೋದಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ತಂದೆ ಗ್ಲೆನ್ ಮನೆ-ನಿವೇಶನ ಮಾರಾಟದ ಕೆಲಸದವರು. ನಟನಾಗುವ ಆಸೆ ಇಟ್ಟುಕೊಂಡು ಅದು ಕೈಗೂಡದೆ ಉಳಿದವರು. 1955ರಲ್ಲಿ ಅನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಕುಟುಂಬ ಇದ್ದದ್ದು ಪಕ್ಕದ ಗಾರ್ಡನ್ ಗ್ರೋವ್‌ನಲ್ಲಿ, ಸೈಕಲ್ ತುಳಿಯುವಷ್ಟು ದೂರ. ಹತ್ತು ವರ್ಷದ ಹುಡುಗ ಅಲ್ಲಿ ಮಾರ್ಗದರ್ಶಿ ಪುಸ್ತಿಕೆ ಮಾರುವ ಕೆಲಸ ಹಿಡಿದ. ಪುಸ್ತಿಕೆಗೆ 25 ಸೆಂಟ್, ಅದರಲ್ಲಿ ಮಾರಿದವನಿಗೆ 2 ಸೆಂಟ್.

ಹದಿಹರೆಯದಲ್ಲಿ ಅದೇ ಉದ್ಯಾನದ ಜಾದೂ ಸಾಮಾನಿನ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಜಾದೂ ಅಂಗಡಿಯ ಹುಡುಗನ ಕೆಲಸ ಮಾರುವುದಕ್ಕಿಂತ ಹೆಚ್ಚಾಗಿ ಮಾಡಿ ತೋರಿಸುವುದು. ಗಿರಾಕಿ ಬದಲಾಗುತ್ತಾನೆ, ಟ್ರಿಕ್ಕು ಬದಲಾಗುವುದಿಲ್ಲ. ಬಿಡುವಿನಲ್ಲಿ ಹುಡುಗ ಅಲ್ಲಿನ ಗೋಲ್ಡನ್ ಹಾರ್ಸ್‌ಶೂ ರಂಗಮಂದಿರಕ್ಕೆ ಹೋಗಿ ವಾಲಿ ಬೋಗ್ ಎಂಬ ಹಾಸ್ಯನಟನ ಪ್ರದರ್ಶನವನ್ನು ಮತ್ತೆ ಮತ್ತೆ ನೋಡಿದ. ಬಲೂನು ತಿರುಚಿ ಪ್ರಾಣಿ ಮಾಡುವುದನ್ನು ಕಲಿತದ್ದು ಅಲ್ಲಿಂದಲೇ. ಒಂದೇ ಮಾತನ್ನು ದಿನಾ ಅದೇ ಜಾಗದಲ್ಲಿ ನಿಲ್ಲಿಸಿ, ಅದೇ ನಗು ಪಡೆಯುವ ಟೈಮಿಂಗ್ ಕೂಡ ಅಲ್ಲಿಂದಲೇ. ಬ್ಯಾಂಜೋ ಎಂಬ ತಂತಿವಾದ್ಯ ಕಲಿತ ಕ್ರಮವೂ ಹೇಳಬೇಕಾದ್ದು: ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 16ಕ್ಕೆ ಇಳಿಸಿ, ಇಳಿದ ಶ್ರುತಿಗೆ ತಂತಿ ಸಡಿಲಿಸಿಕೊಂಡು, ಒಂದೊಂದೇ ಸ್ವರ ಹಿಡಿದು ನುಡಿಸಿದ್ದು. ಹಾಸ್ಯದಲ್ಲೂ ಮುಂದೆ ಅವರು ಮಾಡಿದ್ದು ಇದನ್ನೇ. ವೇಗದಲ್ಲಿ ನಡೆಯುವುದನ್ನು ನಿಧಾನಕ್ಕಿಳಿಸಿ, ಬಿಚ್ಚಿ ನೋಡುವುದು.

ಹದಿನೆಂಟಕ್ಕೆ ನಾಟ್ಸ್ ಬೆರ್ರಿ ಫಾರ್ಮ್ ಎಂಬ ಇನ್ನೊಂದು ಉದ್ಯಾನದ ಬರ್ಡ್ ಕೇಜ್ ಥಿಯೇಟರ್ ಸೇರಿದರು. ಒಂದು ಸಣ್ಣ ಮೆಲೋಡ್ರಾಮಾ, ಅದರ ಬಾಲಕ್ಕೆ ನಟರು ತಮ್ಮ ತಮ್ಮ ಕಸರತ್ತು ತೋರಿಸುವ ಕೆಲವು ನಿಮಿಷ. ದಿನಕ್ಕೆ ನಾಲ್ಕೈದು ಪ್ರದರ್ಶನ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದು ಕಷ್ಟ. ಬೆಳಿಗ್ಗೆ ಸತ್ತ ಜೋಕನ್ನು ಮಧ್ಯಾಹ್ನ ಒಂದು ಪದ ಬದಲಿಸಿ ಹೇಳಬಹುದು, ಸಂಜೆ ಆ ಪದದ ಮುಂದೆ ಒಂದು ಕ್ಷಣ ನಿಂತು ನೋಡಬಹುದು. ಜನ ಹೊಸಬರು, ಉಳಿದದ್ದೆಲ್ಲ ಹಳೆಯದು. ಹಾಗಾಗಿ ನಗು ಹೆಚ್ಚಿತೋ ಕಡಿಮೆಯಾಯಿತೋ ಎನ್ನುವುದಕ್ಕೆ ಕಾರಣ ಆ ಒಂದು ಪದವೇ ಎಂದು ಸಾಕಷ್ಟು ಧೈರ್ಯವಾಗಿ ಹೇಳಬಹುದು. ವಾರಕ್ಕೊಂದು ಸಲ ಐದು ನಿಮಿಷ ಸಿಗುವವನಿಗೆ ಈ ಸವಲತ್ತಿಲ್ಲ.

ಲಾಂಗ್ ಬೀಚ್‌ನ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಮನಶ್ಶಾಸ್ತ್ರದ ಒಂದು ಪಾಠ ತಲೆಗೆ ಹತ್ತಿತು: ಹಾಸ್ಯಗಾರ ಬಿಗುವನ್ನು ಕಟ್ಟುತ್ತಾನೆ, ಪಂಚ್‌ಲೈನ್‌ನಲ್ಲಿ ಅದನ್ನು ಬಿಡುತ್ತಾನೆ, ಬಿಟ್ಟಾಗ ಜನ ನಗುತ್ತಾರೆ. ಮಾರ್ಟಿನ್ ಇದನ್ನು ತಿರುವಿ ಹಾಕಿದರು. ಬಿಗುವು ಕಟ್ಟಿ ಬಿಡದೇ ಇದ್ದರೆ? ಇಲ್ಲಿ ನಗಿ ಎಂದು ಕೈತೋರಿಸುವ ಪಂಚ್‌ಲೈನೇ ಇಲ್ಲದಿದ್ದರೆ? ಕಟ್ಟಿದ ಬಿಗುವು ಎಲ್ಲಾದರೂ ಹೊರಬರಲೇಬೇಕು, ಜನ ತಮಗೆ ತೋಚಿದ ಕಡೆ ನಗಲೇಬೇಕು. ಹಾಗೆ ತಾವಾಗಿ ಆರಿಸಿಕೊಂಡ ನಗು ಹೇಳಿಸಿಕೊಂಡು ನಕ್ಕ ನಗುವಿಗಿಂತ ಗಟ್ಟಿ.

ಇದು ಕಾಗದದ ಮೇಲೆ ಚೆನ್ನಾಗಿದೆ. ವೇದಿಕೆಗೆ ಬರಲು ವರ್ಷಗಳು ಬೇಕಾದವು. ಈ ನಡುವೆ 1967ರಲ್ಲಿ ಸ್ಮದರ್ಸ್ ಸಹೋದರರ ಟಿವಿ ಹಾಸ್ಯ ಕಾರ್ಯಕ್ರಮದ ಬರಹಗಾರರ ತಂಡ ಸೇರಿ, 1969ರಲ್ಲಿ ತಂಡದೊಂದಿಗೆ ಎಮ್ಮಿ ಪಡೆದರು. ಆಗ ವಯಸ್ಸು 23. ಸಂಬಳದ ಕೆಲಸ, ಮೇಲೊಂದು ಪ್ರಶಸ್ತಿ. ಬಿಡುವಂಥದ್ದಲ್ಲ. ಬಿಟ್ಟರು.

ಮೂಗು, ಮೈಕು, ಕಾಯುವಿಕೆ

1970ರ ದಶಕದ ಮೊದಲ ವರ್ಷಗಳು ಓಪನಿಂಗ್ ಆಕ್ಟ್‌ನ ವರ್ಷಗಳು. ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡ್‌ನಂಥ ಸಂಗೀತ ತಂಡಗಳಿಗಿಂತ ಮೊದಲು ಅರ್ಧ ಗಂಟೆ ನಿಂತು ಹಾಸ್ಯ ಮಾಡುವುದು. ಇದರ ತೊಂದರೆ ಅವಮಾನಕ್ಕಿಂತ ಆಳದ್ದು. ಜನ ಬಂದಿರುವುದು ಹಾಡಿಗೆ. ಕುರ್ಚಿ ಹುಡುಕುತ್ತಿರುತ್ತಾರೆ, ಗ್ಲಾಸು ತುಂಬಿಸಿಕೊಳ್ಳುತ್ತಿರುತ್ತಾರೆ, ದೀಪ ಪೂರ್ತಿ ಆರಿರುವುದಿಲ್ಲ. ಮಾತಿನ ಏಟಿಗೆ ಏಟು ಕೊಡುವ ಹಾಸ್ಯವಾದರೆ ಆ ಗದ್ದಲದಲ್ಲೂ ಹೇಗೋ ದಾಟುತ್ತದೆ. ಮೌನದಿಂದ ಬಿಗುವು ಕಟ್ಟುವ ಹಾಸ್ಯಕ್ಕೆ ಮೌನವೇ ಸಿಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಅಂಥ ಕಡೆ ಸೋತರೆ ಜೋಕು ಸೋತದ್ದೋ ಜಾಗ ಸೋತದ್ದೋ ತಿಳಿಯುವುದಿಲ್ಲ, ಆದ್ದರಿಂದ ಮರುದಿನ ಏನನ್ನು ತಿದ್ದಬೇಕೆಂದೂ ತಿಳಿಯುವುದಿಲ್ಲ.

ಹಾಗಾಗಿ ಒಂದು ನಿರ್ಧಾರ: ಇನ್ನು ಮುಂದೆ ಹೆಡ್‌ಲೈನರ್ ಆಗಿಯೇ, ಎಂದರೆ ಪ್ರದರ್ಶನದ ಮುಖ್ಯ ಕಲಾವಿದನಾಗಿಯೇ ನಿಲ್ಲುವುದು. ಕ್ಲಬ್ಬು ಎಷ್ಟು ಸಣ್ಣದಾದರೂ, ಎದುರಿಗೆ ಹತ್ತೇ ಜನ ಇದ್ದರೂ ಸರಿ. ಮೂವತ್ತರೊಳಗೆ ಏನೂ ಆಗದಿದ್ದರೆ ಬಿಡುವುದು ಎಂಬ ಗಡುವೂ ಇತ್ತು. ಅದೇ ಹೊತ್ತಿಗೆ ವೇಷವೂ ಬದಲಾಯಿತು. ಉದ್ದ ಕೂದಲು, ಗಡ್ಡ ಹೋದವು, ಸೂಟು ಬಂತು. ರಾಜಕೀಯದ ಹಾಸ್ಯವನ್ನು ಪೂರ್ತಿ ಕೈಬಿಟ್ಟರು. ವಿಯೆಟ್ನಾಂ ಯುದ್ಧದ ವರ್ಷಗಳಲ್ಲಿ ಹಿಪ್ಪಿ ವೇಷದ ಹಾಸ್ಯಗಾರರು ಬೇಕಾದಷ್ಟಿದ್ದರು. ಅವರ ಗುಂಪಿನ ಕೊನೆಯವನಾಗುವ ಬದಲು ಇನ್ನೊಂದು ಬಗೆಯ ಹಾಸ್ಯದ ಮೊದಲಿಗನಾಗುವ ಲೆಕ್ಕಾಚಾರ ಅದು. ಕಲಾವಿದರ ನಿರ್ಧಾರಗಳನ್ನು ಒಳದನಿಯ ಹೆಸರಿನಲ್ಲಿ ವಿವರಿಸುವುದು ರೂಢಿ. ಇಲ್ಲಿ ಕಾಣುವುದು ಮಾರುಕಟ್ಟೆಯನ್ನು ಸರಿಯಾಗಿ ಓದಿದ ಕಣ್ಣು.

ಈ ಹೊತ್ತಿಗೆ ಪ್ರದರ್ಶನ ಹೇಗಿತ್ತು? ತಲೆಯನ್ನು ಸೀಳಿಹೋದಂತೆ ಕಾಣುವ ಆಟಿಕೆ ಬಾಣ, ಬಲೂನು, ಬ್ಯಾಂಜೋ, ಕೆಟ್ಟ ಜಾದೂ, ತಮ್ಮಷ್ಟಕ್ಕೆ ಕುಣಿಯತೊಡಗುವ ಕಾಲು. ಡಿಸ್ನಿಲ್ಯಾಂಡ್‌ನಲ್ಲಿ ಕಲಿತ ಒಂದನ್ನೂ ಎಸೆದಿರಲಿಲ್ಲ. ಆದರೆ ಎಲ್ಲವೂ ಈಗ ಒಂದು ಪಾತ್ರದ ಕೈಯಲ್ಲಿದ್ದವು: ತಾನು ಜಗತ್ತಿನ ಅತ್ಯುತ್ತಮ ಮನರಂಜಕ ಎಂದು ನಂಬಿರುವ, ಅಷ್ಟೇನೂ ಅಲ್ಲದ ಒಬ್ಬ. ನಗು ಬರುತ್ತಿದ್ದದ್ದು ಬಾಣಕ್ಕಲ್ಲ, ಬಾಣ ಹಾಕಿಕೊಂಡವನ ಆತ್ಮವಿಶ್ವಾಸಕ್ಕೆ.

ಒಂದು ತುಣುಕನ್ನು ಬಿಚ್ಚಿದರೆ ಸಾಕು. ಈಗ 'ಮೈಕಿನ ಮೇಲೆ ಮೂಗು' ಮಾಡಿ ತೋರಿಸುತ್ತೇನೆ ಎಂದು ಘನವಾಗಿ ಸಾರುತ್ತಾರೆ. ಬಾಗಿ ಮೂಗನ್ನು ಮೈಕಿಗೆ ಒತ್ತಿ ಹಲವು ಸೆಕೆಂಡು ಹಾಗೇ ನಿಲ್ಲುತ್ತಾರೆ. ಆಮೇಲೆ ನೆಟ್ಟಗಾಗಿ, ನಾಲ್ಕು ಕಡೆ ನಮಸ್ಕರಿಸಿ, ಧನ್ಯವಾದ ಹೇಳಿ ಮುಂದಿನದಕ್ಕೆ ಹೋಗುತ್ತಾರೆ. ಮೂಗು ಒತ್ತಿದಾಗ ಯಾರೂ ನಗುವುದಿಲ್ಲ. ಆಗಬೇಕಾದ್ದೆಲ್ಲ ಆಗಿಯೇ ಹೋಯಿತು, ಇನ್ನೇನೂ ಬರುವುದಿಲ್ಲ ಎಂದು ಹೊಳೆದಾಗ ನಗು ಬರುತ್ತದೆ, ಮತ್ತು ಅದು ಒಬ್ಬೊಬ್ಬರಿಗೆ ಒಂದೊಂದು ಕ್ಷಣದಲ್ಲಿ ಹೊಳೆಯುತ್ತದೆ. ಇದು ನಡೆಯಬೇಕಾದರೆ ಮೂರು ಸಂಗತಿ ಕೂಡಿಬರಬೇಕು. ಮೈಕಿನ ಮೇಲಿನ ಮೂಗು ಹಿಂದಿನ ಸಾಲಿಗೂ ಕಾಣಬೇಕು. ಮೌನವನ್ನು ಯಾರೂ ಒಡೆಯಬಾರದು. ಮುಂದೇನು ಎನ್ನುವುದು ಯಾರಿಗೂ ಮೊದಲೇ ಗೊತ್ತಿರಬಾರದು. ಇವುಗಳ ಜೊತೆಗೆ ವೇದಿಕೆಯ ಮೇಲಿರುವವನಿಗೆ ಒಂದು ಕಟ್ಟುಪಾಡು: ಸೋಲುತ್ತಿದ್ದೇನೆಂದು ಎಂದೂ ಒಪ್ಪಿಕೊಳ್ಳಬಾರದು. ಕ್ಷಮೆ ಕೇಳಿದರೆ, ಪೆಚ್ಚುನಗೆ ನಕ್ಕರೆ, ಇಂದಿನ ಜನ ಸರಿಯಿಲ್ಲವೆಂದು ಗೊಣಗಿದರೆ ಪಾತ್ರ ಅಲ್ಲೇ ಸತ್ತಿತು. ಪ್ರದರ್ಶನ ಅದ್ಭುತವಾಗಿ ನಡೆಯುತ್ತಿದೆ, ನಿಮಗಿನ್ನೂ ಅರ್ಥವಾಗಿಲ್ಲ ಅಷ್ಟೇ ಎಂಬ ನಿಲುವು ಕೊನೆಯವರೆಗೂ ಗಟ್ಟಿಯಾಗಿರಬೇಕು.

ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಈ ವಿಧಾನದ ತುದಿ. ಪ್ರದರ್ಶನ ಒಂದು ತರಗತಿ ಕೋಣೆಯಲ್ಲಿ, ಸುಮಾರು ನೂರು ವಿದ್ಯಾರ್ಥಿಗಳ ಮುಂದೆ. ಪರದೆಯಿಲ್ಲ, ಮರೆಗೆ ಹೋಗಲು ಜಾಗವಿಲ್ಲ. ಮುಗಿಯಿತು ಎಂದರೂ ಯಾರೂ ಏಳಲಿಲ್ಲ, ಅದೂ ಪ್ರದರ್ಶನದ ಭಾಗವೆಂದುಕೊಂಡರು. ಮಾರ್ಟಿನ್ ಮಾತಾಡುತ್ತಲೇ ಅವರ ನಡುವಿನಿಂದ ಹೊರನಡೆದರು, ಅವರೂ ಹಿಂದೆ ಬಂದರು. ದಾರಿಯಲ್ಲಿ ನೀರಿಲ್ಲದ ಈಜುಕೊಳ ಸಿಕ್ಕಿತು. ಎಲ್ಲರನ್ನೂ ಅದರೊಳಗೆ ಇಳಿಸಿ, ಅವರ ತಲೆಗಳ ಮೇಲೆ ಈಜುತ್ತೇನೆಂದರು. ಜನ ಅವರನ್ನು ಎತ್ತಿ ಕೈಯಿಂದ ಕೈಗೆ ದಾಟಿಸಿದರು, ಅವರು ಕೈ ಬೀಸಿ ಈಜಿದರು. ನೂರು ಜನರಿದ್ದರೆ ಇದು ಸಾಧ್ಯ.

ಇಪ್ಪತ್ತು ಸಾವಿರ ಜನರ ಮುಂದೆ

'ದ ಟುನೈಟ್ ಶೋ'ನಲ್ಲಿ 1972ರಿಂದ ಕಾಣಿಸಿಕೊಂಡರೂ ಟಿವಿಯ ದೊಡ್ಡ ನೂಕು ಸಿಕ್ಕಿದ್ದು 1976ರ ಅಕ್ಟೋಬರ್ 23ರಂದು, 'ಸ್ಯಾಟರ್ಡೇ ನೈಟ್ ಲೈವ್' ನಿರೂಪಿಸಿದಾಗ. 1977ರ 'ಲೆಟ್ಸ್ ಗೆಟ್ ಸ್ಮಾಲ್', 1978ರ 'ಎ ವೈಲ್ಡ್ ಅಂಡ್ ಕ್ರೇಜಿ ಗೈ' ಆಲ್ಬಂಗಳು ಲಕ್ಷಗಟ್ಟಲೆ ಮಾರಿದವು, ಎರಡಕ್ಕೂ ಗ್ರ್ಯಾಮಿ ಬಂತು. ಪ್ರಾಚೀನ ಈಜಿಪ್ಟಿನ ದೊರೆ ಟುಟಾಂಖಾಮನ್‌ನ ಗೋರಿಯ ವಸ್ತುಗಳು ಪ್ರದರ್ಶನವಾಗಿ ಅಮೆರಿಕ ಸುತ್ತುತ್ತಿದ್ದಾಗ ಅದನ್ನು ಗೇಲಿ ಮಾಡಿ ಹಾಡಿದ 'ಕಿಂಗ್ ಟಟ್' 1978ರಲ್ಲಿ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ 17ನೇ ಸ್ಥಾನಕ್ಕೇರಿತು.

ಎರಡನೆಯ ಆಲ್ಬಂನ ಎರಡು ಮಗ್ಗುಲುಗಳನ್ನು ಬೆನ್ನುಬೆನ್ನಿಗೆ ಕೇಳಿದರೆ ಇಡೀ ಪ್ರಕರಣ ಅಲ್ಲೇ ಇದೆ. ಮೊದಲ ಮಗ್ಗುಲನ್ನು ಧ್ವನಿಮುದ್ರಿಸಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಬೋರ್ಡಿಂಗ್ ಹೌಸ್ ಎಂಬ ಸಣ್ಣ ಕ್ಲಬ್ಬಿನಲ್ಲಿ. ಎರಡನೆಯದು ಕೊಲರಾಡೋದ ರೆಡ್ ರಾಕ್ಸ್ ಬಯಲು ರಂಗಮಂದಿರದಲ್ಲಿ. ಅಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಮೊದಲನೆಯದರಲ್ಲಿ ನಗು ಅಲ್ಲೊಂದು ಇಲ್ಲೊಂದು ಹುಟ್ಟಿ ಹಬ್ಬುವುದು ಕೇಳಿಸುತ್ತದೆ. ಎರಡನೆಯದರಲ್ಲಿ ಕೇಳಿಸುವುದು ಗರ್ಜನೆ, ಅದೂ ಮಾತು ಮುಗಿಯುವ ಮೊದಲೇ.

ಪ್ರವಾಸಗಳು 63 ದಿನಗಳಲ್ಲಿ 60 ಊರು ಎಂಬಷ್ಟು ಒತ್ತೊತ್ತಾದವು. ಸಭಾಂಗಣಗಳು ಹದಿನೆಂಟು, ಇಪ್ಪತ್ತು ಸಾವಿರಕ್ಕೆ ಬೆಳೆದವು. ಮೈಕಿನ ಮೂಗಿಗೆ ಬೇಕಾದ ಮೂರರಲ್ಲಿ ಒಂದೂ ಉಳಿಯಲಿಲ್ಲ.

ಮೊದಲು ಹೋದದ್ದು ಕಾಣುವುದು. ಬಿಳಿ ಮೂರುತುಂಡಿನ ಸೂಟು ಮಾರ್ಟಿನ್ ಗುರುತೇ ಆಗಿಬಿಟ್ಟಿದೆ. ಅದು ಷೋಕಿಗೆ ಬಂದದ್ದಲ್ಲ. ಹಿಂದಿನ ಸಾಲಿನವರಿಗೆ ಕತ್ತಲಲ್ಲಿ ಒಬ್ಬ ಮನುಷ್ಯನ ಆಕಾರವಾದರೂ ಕಾಣಲಿ ಎಂದು ಬಿಳಿ. ಕೈಕಾಲು ಎಸೆದಾಡುವಾಗ ಅಂಗಿ ಪ್ಯಾಂಟಿನಿಂದ ಈಚೆ ಬಾರದಿರಲಿ ಎಂದು ಒಳಗೊಂದು ವೇಸ್ಟ್‌ಕೋಟು. ಸೂಟು ಆಕಾರವನ್ನು ಉಳಿಸಿತು. ಹುಬ್ಬು, ಬೆರಳು, ಅರೆಕ್ಷಣದ ಸಂಶಯ ಯಾವುದನ್ನೂ ಉಳಿಸಲಿಲ್ಲ. ಹಾಗಾಗಿ ಚಲನೆಗಳೆಲ್ಲ ದೊಡ್ಡವಾದವು, ದೊಡ್ಡ ಚಲನೆಗೆ ಹೊಂದದ ತುಣುಕುಗಳು ಬಿದ್ದುಹೋದವು.

ಆಮೇಲೆ ಟೈಮಿಂಗ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ನೂರು ಮೀಟರ್ ಆಚೆ ಕೂತವನಿಗೆ ಮಾತು ತಲುಪಿ, ಅವನ ನಗು ಹಿಂದಿರುಗಿ ಬರಲು ಅರ್ಧ ಸೆಕೆಂಡಿಗೂ ಮಿಗಿಲು. ಮುಂದಿನ ಸಾಲು ನಕ್ಕು ಮುಗಿಸುವಾಗ ಹಿಂದಿನದು ಶುರುವಾಗುತ್ತದೆ. ಸಾಧಾರಣ ಜೋಕಿಗೆ ಇದು ದೊಡ್ಡ ನಷ್ಟವಲ್ಲ, ಗದ್ದಲ ಇಳಿಯುವವರೆಗೆ ಕಾದರಾಯಿತು. ನಗು ಯಾವ ಕ್ಷಣ ಎಲ್ಲಿ ಹುಟ್ಟಿತೆಂದು ನೋಡಿಕೊಂಡು ಮುಂದಿನ ಹೆಜ್ಜೆ ಇಡುವವನಿಗೆ ಮಾತ್ರ ಕೈಯಲ್ಲಿದ್ದ ಅಳತೆಗೋಲೇ ಹೋದಂತೆ.

ಎಲ್ಲಕ್ಕಿಂತ ದೊಡ್ಡ ಹೊಡೆತ ಕೊಟ್ಟದ್ದು ಆಲ್ಬಂಗಳೇ. ಹಾಡಿನ ರೆಕಾರ್ಡು ಮಾರಿದರೆ ಅದೇ ಹಾಡು ಕೇಳಲು ಜನ ಬರುತ್ತಾರೆ, ಗಾಯಕನಿಗೆ ಲಾಭ. ಹಾಸ್ಯದ ರೆಕಾರ್ಡು ಮಾರಿದರೆ ಆ ಹಾಸ್ಯ ಮುಗಿಯಿತು. ಬಂದವರೆಲ್ಲ ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿರುತ್ತಿದ್ದರು. ಮಾರ್ಟಿನ್ ಬಾಯಿ ತೆರೆಯುವ ಮೊದಲೇ ಮಾತನ್ನು ಅವರೇ ಕೂಗುತ್ತಿದ್ದರು. ಬಿಗುವು ಕಟ್ಟುವುದೆಲ್ಲಿ ಬಂತು? ಹೊಸ ತುಣುಕು ಸೇರಿಸಿ ನೋಡೋಣವೆಂದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ ಕೇಕೆ. ಬರ್ಡ್ ಕೇಜ್‌ನಲ್ಲಿ ಸಿಗುತ್ತಿದ್ದ ಉತ್ತರ ಇಪ್ಪತ್ತು ಸಾವಿರ ಜನರಿಂದ ಸಿಗಲಿಲ್ಲ. ತಾನು ಹಾಸ್ಯಗಾರನಲ್ಲ, ಪಾರ್ಟಿಯೊಂದನ್ನು ನಡೆಸಿಕೊಡುವವನಾಗಿದ್ದೇನೆ ಎಂಬರ್ಥದಲ್ಲಿ ಮಾರ್ಟಿನ್ ಮುಂದೆ ಹೇಳಿಕೊಂಡರು. ತಮ್ಮ ಸ್ಟ್ಯಾಂಡ್-ಅಪ್ ಬದುಕನ್ನು ಅವರು ಲೆಕ್ಕ ಹಾಕುವುದು ಹೀಗೆ: ಹತ್ತು ವರ್ಷ ಕಲಿಕೆ, ನಾಲ್ಕು ವರ್ಷ ನುಣುಪು, ನಾಲ್ಕು ವರ್ಷ ವಿಪರೀತ ಯಶಸ್ಸು. ಕೊನೆಯ ನಾಲ್ಕು ವರ್ಷ ಮೊದಲ ಹದಿನಾಲ್ಕನ್ನು ತಿಂದು ಮುಗಿಸಿದವು ಎನ್ನಬಹುದು.

ಸೆಟ್ಟಿನಲ್ಲಿ ಯಾರೂ ನಗುವುದಿಲ್ಲ

ಸಿನಿಮಾಕ್ಕೆ ತಯಾರಿ ಇದಕ್ಕೂ ಮೊದಲೇ ಶುರುವಾಗಿತ್ತು. 1977ರಲ್ಲಿ 'ದಿ ಆ್ಯಬ್ಸೆಂಟ್-ಮೈಂಡೆಡ್ ವೇಟರ್' ಎಂಬ ಏಳು ನಿಮಿಷದ ಕಿರುಚಿತ್ರ ಬರೆದು ನಟಿಸಿದರು, ತಮ್ಮ ಪ್ರದರ್ಶನಗಳಲ್ಲೇ ಅದನ್ನು ತೋರಿಸಿದರು. ಅದು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಸ್ಟುಡಿಯೋಗಳ ಬಾಗಿಲು ತಟ್ಟುವವನ ಕೈಯಲ್ಲಿ ಮಾತಿಗಿಂತ ಏಳು ನಿಮಿಷದ ರೀಲು ಹೆಚ್ಚು ಕೆಲಸ ಮಾಡುತ್ತದೆ.

'ದ ಜರ್ಕ್' 1979ರ ಡಿಸೆಂಬರ್‌ನಲ್ಲಿ ತೆರೆಕಂಡಿತು. ನಿರ್ದೇಶನ ಕಾರ್ಲ್ ರೈನರ್. ವೇದಿಕೆಯಲ್ಲಿ ಹೇಳುತ್ತಿದ್ದ ಒಂದು ಸಾಲಿನಿಂದ ಬೆಳೆದ ಕಥೆ: ಬಿಳಿಯನೊಬ್ಬ ತಾನು ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿದವನೆಂದು ಗಂಭೀರವಾಗಿ ಹೇಳಿಕೊಳ್ಳುವುದು. ಚಿತ್ರದಲ್ಲಿ ಅವನು ಅಂಥ ಮನೆಯ ಸಾಕುಮಗ, ದೊಡ್ಡವನಾಗುವವರೆಗೂ ಅದು ಅವನಿಗೆ ತಿಳಿಯದು. ವೇದಿಕೆಯ ಆತ್ಮವಿಶ್ವಾಸದ ಮೂರ್ಖನನ್ನೇ ಮುಗ್ಧ ಮೂರ್ಖನಾಗಿ ತಿರುಗಿಸಿದ್ದು ಇಲ್ಲಿನ ಜಾಣತನ. ಜಂಬದವನನ್ನು ಹತ್ತು ನಿಮಿಷ ಸಹಿಸಬಹುದು, ತೊಂಬತ್ತು ನಿಮಿಷ ಕಷ್ಟ, ಮುಗ್ಧನಾದರೆ ಸರಿ. ಸುಮಾರು 40 ಲಕ್ಷ ಡಾಲರಿನ ಚಿತ್ರ ಅಮೆರಿಕದಲ್ಲೇ 7 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಚಿತ್ರ ನೋಡಿ ಬಂದ ತಂದೆ ಕೊಟ್ಟ ತೀರ್ಪು, ಇವನೇನು ಚಾರ್ಲಿ ಚಾಪ್ಲಿನ್ ಅಲ್ಲ ಎಂದು.

ಆದರೆ 'ದ ಜರ್ಕ್' ನಟನೆಯ ಪ್ರಶ್ನೆಯನ್ನು ಬಿಡಿಸಿರಲಿಲ್ಲ, ಮುಂದೂಡಿತ್ತು ಅಷ್ಟೇ. ತುಣುಕುಗಳನ್ನು ಪೋಣಿಸಿದ ಚಿತ್ರ ಅದು. ತುಣುಕು ಕಟ್ಟುವುದು ಮಾರ್ಟಿನ್‌ಗೆ ಗೊತ್ತಿದ್ದ ಕೆಲಸ. ಸೆಟ್ಟಿನ ಕಷ್ಟ ಬೇರೆ. ಕ್ಯಾಮೆರಾ ಓಡುವಾಗ ಐವತ್ತು ಜನ ಉಸಿರು ಬಿಗಿಹಿಡಿದು ನಿಂತಿರುತ್ತಾರೆ, ನಕ್ಕರೆ ಟೇಕ್ ಹಾಳು. ನಟ ನಗುವಿಗೆ ಜಾಗ ಬಿಡಬೇಕೋ ಬೇಡವೋ, ಬಿಟ್ಟರೆ ಎಷ್ಟು, ಇದನ್ನು ನಿರ್ಧರಿಸುವವರು ತಿಂಗಳುಗಳ ನಂತರ ಸಂಕಲನದ ಕೋಣೆಯಲ್ಲಿ ಕೂತವರು. ವೇದಿಕೆಯಿಂದ ಬಂದವರು ಇಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ತಪ್ಪು ಮಾಡುತ್ತಾರೆ. ಬಾರದ ನಗುವಿಗಾಗಿ ಮಾತಿನ ಕೊನೆಯಲ್ಲಿ ನಿಲ್ಲುತ್ತಾರೆ, ದೃಶ್ಯ ಜೋತುಬೀಳುತ್ತದೆ. ಇಲ್ಲವೆ ಮೌನಕ್ಕೆ ಹೆದರಿ ಮುಖವನ್ನು ಹಿಗ್ಗಿಸುತ್ತಾರೆ. ಕ್ಲೋಸ್‌ಅಪ್‌ನಲ್ಲಿ ಅದು ನಾಲ್ಕು ಪಟ್ಟು ಹಿಗ್ಗಿ ಕಾಣುತ್ತದೆ.

1981ರ 'ಪೆನ್ನೀಸ್ ಫ್ರಮ್ ಹೆವನ್' ಇನ್ನೊಂದು ತುದಿಗೆ ಜಿಗಿತ. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಹಾಡಿನ ಮುದ್ರಿತ ಪ್ರತಿಗಳನ್ನು ಮಾರುವ ಒಬ್ಬ. ಹೆಂಡತಿಗೂ ಪ್ರೇಯಸಿಗೂ ದ್ರೋಹ ಮಾಡುತ್ತ ಕೊನೆಗೆ ನೇಣಿಗೇರುತ್ತಾನೆ. ಪಾತ್ರಗಳು ಆ ಕಾಲದ ರೆಕಾರ್ಡುಗಳಿಗೆ ತುಟಿಯಾಡಿಸಿ ಕುಣಿಯುತ್ತವೆ. ಮಾರ್ಟಿನ್ ಇದಕ್ಕಾಗಿ ಬೂಟಿನ ತಳದಿಂದ ನೆಲಕ್ಕೆ ತಾಳ ಹಾಕುವ ಟ್ಯಾಪ್ ನೃತ್ಯವನ್ನು ತಿಂಗಳುಗಟ್ಟಲೆ ಕಲಿತರು. ಸುಮಾರು 2.2 ಕೋಟಿ ಡಾಲರ್ ಹಾಕಿದ ಚಿತ್ರಕ್ಕೆ ಬಂದದ್ದು ಅದರ ಅರ್ಧಕ್ಕೂ ಕಡಿಮೆ. ನಟನೆ ಕೆಟ್ಟದ್ದಿರಲಿಲ್ಲ, ಇಂದು ನೋಡಿದರೆ ಅದು ಅವರ ಧೈರ್ಯದ ಕೆಲಸಗಳಲ್ಲೊಂದು. ಕೆಟ್ಟದ್ದು ಕ್ರಮ. ಬಾಣದ ಮನುಷ್ಯನನ್ನು ನೋಡಿ ಎರಡು ವರ್ಷವೂ ಆಗದ ಜನರಿಗೆ, ನಡುವೆ ಒಂದು ಮೆಟ್ಟಿಲೂ ಇಲ್ಲದೆ ನೇಣುಗಂಬದ ಮನುಷ್ಯನನ್ನು ಕೊಟ್ಟರು. ಟಿಕೆಟು ಕೊಂಡವರು ನಗಲು ಕೂತು, ನಗು ಬಾರದೆ ಮೋಸಹೋದೆವೆಂದುಕೊಂಡರು.

ಮುಂದಿನ ಎರಡು ರೈನರ್ ಚಿತ್ರಗಳನ್ನು ಅಭ್ಯಾಸದ ಚಿತ್ರಗಳೆಂದು ಓದುವುದು ಸರಿ. 1982ರ 'ಡೆಡ್ ಮೆನ್ ಡೋಂಟ್ ವೇರ್ ಪ್ಲೇಡ್'ನಲ್ಲಿ ಹಳೆಯ ಕಪ್ಪುಬಿಳುಪು ಅಪರಾಧ ಚಿತ್ರಗಳ ತುಣುಕುಗಳನ್ನು ಕತ್ತರಿಸಿ ಸೇರಿಸಿದ್ದಾರೆ, ಮಾರ್ಟಿನ್ ಆ ತುಣುಕಿನ ತಾರೆಯರ ಜೊತೆ ಮಾತಾಡಿದಂತೆ ಕಾಣಬೇಕು. ಎದುರು ನಟನೇ ಇಲ್ಲ. ನೋಟದ ಕೋನ, ಬೆಳಕು, ಮಾತಿನ ವೇಗ ಎಲ್ಲವನ್ನೂ ದಶಕಗಳ ಹಿಂದೆ ಚಿತ್ರೀಕರಿಸಿದ ಶಾಟ್‌ಗೆ ಹೊಂದಿಸಬೇಕು. ಅತಿಯಾಗಿ ಮಾಡಿದರೆ ಜೋಡಣೆ ಒಡೆಯುತ್ತದೆ. ಕಿವಿಯಿಂದ ಕೆಲಸ ಮಾಡುತ್ತಿದ್ದವನಿಗೆ ಇದು ಕಣ್ಣಿನಿಂದ, ಅಳತೆಯಿಂದ ಕೆಲಸ ಮಾಡುವ ಪಾಠ. 1983ರ 'ದ ಮ್ಯಾನ್ ವಿತ್ ಟೂ ಬ್ರೇನ್ಸ್' ಹೆಚ್ಚು ಓಡಲಿಲ್ಲ. 1984ರ ಆರಂಭದ 'ದ ಲೋನ್ಲಿ ಗೈ' ಅಷ್ಟೂ ಓಡಲಿಲ್ಲ. 'ದ ಜರ್ಕ್' ಆಗಿ ಐದು ವರ್ಷವಾಗುತ್ತ ಬಂದಿತ್ತು.

ತಿರುವು ಕೊಟ್ಟದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ 'ಆಲ್ ಆಫ್ ಮಿ'. ಮತ್ತೆ ರೈನರ್. ರೋಜರ್ ಎಂಬ ವಕೀಲನ ಮೈಯೊಳಗೆ ಲಿಲಿ ಟಾಮ್ಲಿನ್ ನಟಿಸಿದ ಶ್ರೀಮಂತೆಯ ಆತ್ಮ ಸೇರಿಕೊಳ್ಳುತ್ತದೆ. ಮೈಯ ಬಲಭಾಗ ಅವಳ ಹಿಡಿತದಲ್ಲಿ, ಎಡಭಾಗ ಅವನದು. ಅದು ಮೊದಲ ಸಲ ಆಗುವುದು ಬೀದಿಯಲ್ಲಿ. ಒಂದು ಕಾಲು ಗಂಡಸಿನಂತೆ ಹೆಜ್ಜೆ ಇಡುತ್ತದೆ, ಇನ್ನೊಂದು ಸೊಂಟ ಬಳುಕಿಸುತ್ತದೆ. ಎರಡೂ ಬೇರೆ ಬೇರೆ ದಿಕ್ಕಿಗೆ ಹೋಗಬೇಕೆನ್ನುತ್ತವೆ.

ಈ ದೃಶ್ಯದಲ್ಲಿ ಟ್ರಿಕ್ ಶಾಟ್ ಇಲ್ಲ, ಇರುವುದು ಒಂದು ದೇಹ. ಮೈ ಅರ್ಧಕ್ಕೆ ಸೀಳಿದಂತೆ ಕಾಣಲು ಎಡಗಡೆಯ ಸ್ನಾಯುಗಳು ಬಲಗಡೆಯ ಚಲನೆಯನ್ನು ನಿರೀಕ್ಷಿಸಬಾರದು. ನಾವು ನಡೆಯುವಾಗ ಎರಡೂ ಮಗ್ಗುಲು ತಾವಾಗಿ ತೂಕ ಹಂಚಿಕೊಳ್ಳುತ್ತವೆ. ಆ ಹಂಚಿಕೆಯನ್ನೇ ಕೆಡಿಸಬೇಕು, ಆದರೆ ಬೀಳಬಾರದು. ಮುಖದಲ್ಲಿ ಅದೇ ಹೊತ್ತಿಗೆ ರೋಜರ್‌ನ ಗಾಬರಿ ಇರಬೇಕು, ಜಂಬವಲ್ಲ. ಹಿಂದಿನದೆಲ್ಲ ಇಲ್ಲಿ ಕೂಡಿಬಂದದ್ದು ಕಾಣುತ್ತದೆ: ವೇದಿಕೆಯ ತಮ್ಮಷ್ಟಕ್ಕೆ ಕುಣಿಯುವ ಕಾಲು, 'ಪೆನ್ನೀಸ್'ಗಾಗಿ ಕಲಿತ ಟ್ಯಾಪ್, 'ಡೆಡ್ ಮೆನ್'ನಲ್ಲಿ ಇಲ್ಲದವರನ್ನು ಎದುರಿಗಿಟ್ಟುಕೊಂಡು ಮಾಡಿದ ನಟನೆ. ಸೋತ ಚಿತ್ರಗಳ ಕಸುಬು ಗೆದ್ದ ಚಿತ್ರಕ್ಕೆ ಬಂತು. ಮುಖ್ಯವಾದ ವ್ಯತ್ಯಾಸವೆಂದರೆ, ವೇದಿಕೆಯಲ್ಲಿ ಆ ಕಾಲು 'ನೋಡಿ ನಾನೆಷ್ಟು ಮಜವಾಗಿದ್ದೇನೆ' ಎನ್ನುತ್ತಿತ್ತು. ಇಲ್ಲಿ ಕಾಲಿನ ಯಜಮಾನ ಅದನ್ನು ನಿಲ್ಲಿಸಲು ಒದ್ದಾಡುತ್ತಾನೆ. ನಗಿಸುವ ಆಸೆ ಪಾತ್ರಕ್ಕಿಲ್ಲ, ಆದ್ದರಿಂದ ನಟನಿಗೆ ಜನರ ನಗು ಕೇಳಬೇಕಾಗಿಯೂ ಇಲ್ಲ. ಮಾರ್ಟಿನ್‌ಗೆ ಸಿನಿಮಾದ ನಟನೆ ಹಿಡಿತಕ್ಕೆ ಸಿಕ್ಕಿದ್ದು ಇಲ್ಲೇ ಎನ್ನುವುದು ನಮ್ಮ ಅಭಿಪ್ರಾಯ. ನ್ಯೂಯಾರ್ಕ್ ಚಿತ್ರ ವಿಮರ್ಶಕರ ಕೂಟವೂ ರಾಷ್ಟ್ರೀಯ ಚಿತ್ರ ವಿಮರ್ಶಕರ ಸಂಘವೂ ಆ ವರ್ಷದ ಶ್ರೇಷ್ಠ ನಟನೆಂದು ಅವರನ್ನೇ ಆರಿಸಿದವು. ಆಸ್ಕರ್ ನಾಮನಿರ್ದೇಶನ ಬರಲಿಲ್ಲ. ಹಾಸ್ಯಕ್ಕೆ ಅದು ಬರುವುದು ಅಪರೂಪ, ಬಿಡಿ.

1987ರ 'ರಾಕ್ಸಾನ್' ಬೇರೆ ಕಡೆಯಿಂದ ಬಂದ ಗೆಲುವು, ಬರಹದ ಕಡೆಯಿಂದ. ಫ್ರೆಂಚ್ ನಾಟಕಕಾರ ರೋಸ್ತಾಂದ್ 1897ರಲ್ಲಿ ಬರೆದ, ಉದ್ದ ಮೂಗಿನ ನಾಯಕನ ಸಿರಾನೋ ನಾಟಕವನ್ನು ಅಮೆರಿಕದ ಸಣ್ಣ ಊರಿನ ಅಗ್ನಿಶಾಮಕ ಠಾಣೆಗೆ ತಂದು ಮಾರ್ಟಿನ್ ತಾವೇ ಚಿತ್ರಕಥೆ ಬರೆದರು. ಉದ್ದ ಮೂಗಿನ ಮುಖ್ಯಸ್ಥನನ್ನು ಮದ್ಯದಂಗಡಿಯಲ್ಲಿ ಒಬ್ಬ ಅಣಕಿಸುತ್ತಾನೆ. ಇಷ್ಟೇನಾ, ನಾನು ಇಪ್ಪತ್ತು ಅಣಕ ಹೇಳಬಲ್ಲೆ ಎಂದು ಇವನು ಶುರುಮಾಡುತ್ತಾನೆ, ಒಂದೊಂದಕ್ಕೂ ಮೊದಲು ಅದರ ಜಾತಿ ಸಾರಿ. ಇದು ಶುದ್ಧ ಸ್ಟ್ಯಾಂಡ್-ಅಪ್, ಆದರೆ ಎರಡು ಬದಲಾವಣೆಗಳೊಂದಿಗೆ. ಕೇಳುಗರು ದೃಶ್ಯದೊಳಗೇ ಇದ್ದಾರೆ, ಮದ್ಯದಂಗಡಿಯ ಜನ ನಗುತ್ತಾರೆ, ಎಣಿಸುತ್ತಾರೆ. ಹಾಗಾಗಿ ಸೆಟ್ಟಿನ ಮೌನದ ತೊಂದರೆಯನ್ನು ಚಿತ್ರಕಥೆಯೇ ಬಗೆಹರಿಸಿದೆ. ಇನ್ನೊಂದು, ಪ್ರತಿ ಜೋಕೂ ಹೇಳುವವನ ಮೂಗಿಗೇ ತಗಲುತ್ತದೆ. ಗೆಲ್ಲುತ್ತ ಹೋದಂತೆ ಅವನ ನೋವಿನ ಆಳವೂ ತಿಳಿಯುತ್ತದೆ. ಪಂಚ್‌ಲೈನ್ ಬೇಡವೆಂದು ಹೊರಟವರು ಇಲ್ಲಿ ಒಂದೇ ದೃಶ್ಯದಲ್ಲಿ ಇಪ್ಪತ್ತು ಪಂಚ್‌ಲೈನ್ ಹೊಡೆದಿದ್ದಾರೆ. ಅಮೆರಿಕದ ಬರಹಗಾರರ ಸಂಘ ರೂಪಾಂತರಿತ ಚಿತ್ರಕಥೆಯ ಪ್ರಶಸ್ತಿ ಕೊಟ್ಟಿತು.

ಅದೇ ವರ್ಷದ ಕೊನೆಗೆ ಜಾನ್ ಹ್ಯೂಸ್ ನಿರ್ದೇಶನದ 'ಪ್ಲೇನ್ಸ್, ಟ್ರೇನ್ಸ್ ಅಂಡ್ ಆಟೊಮೊಬೈಲ್ಸ್' ಬಂತು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನ್ಯೂಯಾರ್ಕಿನಿಂದ ಶಿಕಾಗೋದ ಮನೆ ಸೇರಬೇಕಾದ ಜಾಹೀರಾತು ಕಂಪನಿಯ ಅಧಿಕಾರಿ ಮಾರ್ಟಿನ್. ದಾರಿಯುದ್ದಕ್ಕೂ ಗಂಟುಬೀಳುವ ವಾಚಾಳಿ ಮಾರಾಟಗಾರ ಜಾನ್ ಕ್ಯಾಂಡಿ. ನಗಿಸುವ ಪಾತ್ರ ಕ್ಯಾಂಡಿಯದು. ಮಾರ್ಟಿನ್ ಕೆಲಸ ಸಹಿಸಿಕೊಂಡು ಕೂರುವುದು. ಬಿಗುವು ಕಟ್ಟಿ ಬಿಡದೇ ಇರುವ ಹಳೆಯ ವಿದ್ಯೆ ಇಲ್ಲಿ ಮುಖಭಾವವಾಗಿ ತಿರುಗಿದೆ. ಕಾರು ಬಾಡಿಗೆಯ ಕೌಂಟರಿನಲ್ಲಿ ಅದು ಕಟ್ಟೆಯೊಡೆದು ಒಂದು ನಿಮಿಷದ ಬೈಗುಳದ ಮಳೆಯಾದಾಗ ಚಿತ್ರಮಂದಿರ ಬಿದ್ದುಬಿದ್ದು ನಗುತ್ತದೆ. ಹದಿನೆಂಟು ವರ್ಷ ಒಂಟಿಯಾಗಿ ವೇದಿಕೆ ಆಳಿದವನಿಗೆ ಎದುರಿನವನಿಗೆ ನಗು ಬಿಟ್ಟುಕೊಡುವುದು ಟ್ಯಾಪ್‌ಗಿಂತ ಕಷ್ಟದ ಕಲಿಕೆ ಇದ್ದಿರಬೇಕು.

ಆಮೇಲೆ

ಮುಂದಿನ ದಾರಿಯನ್ನು ಬೇಗ ದಾಟಬಹುದು. 1989ರ 'ಪೇರೆಂಟ್‌ಹುಡ್', 1991ರ 'ಫಾದರ್ ಆಫ್ ದ ಬ್ರೈಡ್', 2003ರ 'ಚೀಪರ್ ಬೈ ದ ಡಜನ್' ಅವರನ್ನು ಕೈಮೀರಿದ ಮನೆಯ ತಬ್ಬಿಬ್ಬು ತಂದೆಯಾಗಿ ನಿಲ್ಲಿಸಿದವು. ಗಲ್ಲಾಪೆಟ್ಟಿಗೆ ತುಂಬಿತು, ನಟನೆಯಲ್ಲಿ 1987ಕ್ಕಿಂತ ಮುಂದೆ ಹೋದದ್ದು ಕಡಿಮೆ. ಹೊಸದನ್ನು ಹುಡುಕುವ ಚಪಲ ಬೇರೆ ಕಡೆ ಹರಿಯಿತು: 1993ರಲ್ಲಿ ಪಿಕಾಸೋ ಮತ್ತು ಐನ್‌ಸ್ಟೈನ್ ಪ್ಯಾರಿಸ್ಸಿನ ಮದ್ಯದಂಗಡಿಯಲ್ಲಿ ಭೇಟಿಯಾಗುವ ನಾಟಕ, 2000ದಲ್ಲಿ ಒಂದು ಕಿರುಕಾದಂಬರಿ, 2009ರಲ್ಲಿ ಒಂದು ಬ್ಯಾಂಜೋ ಆಲ್ಬಂ, ಅದಕ್ಕೆ ಮುಂದೆ ಬ್ಲೂಗ್ರಾಸ್ ಎಂಬ ಅಮೆರಿಕನ್ ಸಂಗೀತ ಪ್ರಕಾರದ ವಿಭಾಗದ ಗ್ರ್ಯಾಮಿ ಬಂತು. ನಟನೆಗೆ ಒಮ್ಮೆಯೂ ನಾಮನಿರ್ದೇಶನ ಕೊಡದ ಆಸ್ಕರ್ ಅಕಾಡೆಮಿ ಮೂರು ಸಲ ಅವರಿಂದ ಸಮಾರಂಭ ನಿರೂಪಿಸಿಕೊಂಡು, 2013ರಲ್ಲಿ ಗೌರವ ಆಸ್ಕರ್ ಕೊಟ್ಟಿತು.

2016ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಬೀಕನ್ ಥಿಯೇಟರ್‌ನಲ್ಲಿ ಹಾಸ್ಯಗಾರ ಜೆರ್ರಿ ಸೈನ್‌ಫೆಲ್ಡ್ ಪ್ರದರ್ಶನಕ್ಕೆ ಮೊದಲು ಮಾರ್ಟಿನ್ ಸ್ಟ್ಯಾಂಡ್-ಅಪ್ ಮಾಡಿದರು, 35 ವರ್ಷಗಳ ನಂತರ, ಅದೂ ಓಪನಿಂಗ್ ಆಕ್ಟ್ ಆಗಿ. ಆದರೆ ಒಂಟಿ ಪ್ರವಾಸಕ್ಕೆ ಮರಳಲಿಲ್ಲ. ಮಾರ್ಟಿನ್ ಶಾರ್ಟ್ ಎಂಬ ಇನ್ನೊಬ್ಬ ಹಾಸ್ಯನಟನ ಜೊತೆ ಜೋಡಿಯಾಗಿ ಊರೂರು ಸುತ್ತುತ್ತಿರುವ ಪ್ರದರ್ಶನದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹೀಯಾಳಿಸುತ್ತಾರೆ, ಹಾಡುತ್ತಾರೆ, ಮಾರ್ಟಿನ್ ಬ್ಯಾಂಜೋ ನುಡಿಸುತ್ತಾರೆ. ಅಣಕವನ್ನು ತಾಳಿಕೊಂಡು ಮುಖ ಬಿಗಿಹಿಡಿಯುವ ಕೆಲಸ ಹೆಚ್ಚಾಗಿ ಮಾರ್ಟಿನ್‌ದೇ. ಅದನ್ನು ಅವರು ಕಲಿತದ್ದು ವೇದಿಕೆಯಲ್ಲಲ್ಲ, ಕ್ಯಾಂಡಿಯ ಪಕ್ಕ ಕೂತು.